ಮೊದಲು ತೂಕ, ಆಮೇಲೆ ಗಿಡ

ಪ್ರಶ್ನೆ: ನಮ್ಮದು ಸಿಂಧನೂರಿನಲ್ಲಿ 20 ಅಡಿಗೆ 30 ಅಡಿಯ ಆರ್‌ಸಿಸಿ ಮನೆ. ಬೇಸಿಗೆಯಲ್ಲಿ ಮೇಲಿನ ಕೋಣೆ ಒಲೆಯ ಹಾಗೆ ಕಾಯುತ್ತದೆ. ಹೊಲದ ಎರೆಮಣ್ಣು ತಂದು ಮಾಳಿಗೆ ಮೇಲೆ ಹರವಿ ಹುಲ್ಲು ಬೆಳೆಸಬಹುದಾ ಸರ್?

ಉತ್ತರ: ಹಸಿರು ಬೆಳೆಸಬಹುದು, ಆದರೆ ಎರೆಮಣ್ಣು ಬೇಡವೇ ಬೇಡ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ನೀರನ್ನು ಬೇಗ ಬಿಡುವುದಿಲ್ಲ. ತೂಕ ಬೇರೆ. ನಾಲ್ಕು ಇಂಚು ಮಣ್ಣು ನೆನೆದರೆ ಚದರ ಮೀಟರಿಗೆ 160ರಿಂದ 200 ಕೆಜಿ. ಓಡಾಡುವ ಮಾಳಿಗೆಗೆ ಸಾಮಾನ್ಯವಾಗಿ ಲೆಕ್ಕ ಹಿಡಿಯುವ ಹೊರೆಯೇ 150 ಕೆಜಿ ಆಸುಪಾಸು. ಮೊದಲು ಎಂಜಿನಿಯರಿಗೆ ತೋರಿಸಿ. ಮೇಸ್ತ್ರಿ 'ಏನೂ ಆಗಂಗಿಲ್ಲ ಬಿಡ್ರಿ' ಅಂದರೆ ಸಾಲದು.

ರಾಯಚೂರಿನ ನಮ್ಮ ಮನೆಯಲ್ಲಿ ನಾನು ಅವಸರ ಮಾಡಿದ್ದೆ. ಮೊದಲ ಮಳೆಗೇ ಅಡುಗೆಮನೆಯ ಮೂಲೆಯಲ್ಲಿ ಜೋಳದ ರೊಟ್ಟಿಯಷ್ಟು ಅಗಲದ ಕಂದು ಕಲೆ. ಹಾಕಿದ ಮಣ್ಣನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಇಳಿಸಿದೆವು. ನೋಡಿದರೆ ಬಿರುಕು ಇದ್ದದ್ದು ಮಳೆನೀರಿನ ಪೈಪಿನ ಬಾಯಲ್ಲಿ! ಅದಕ್ಕೇ ಹೇಳುತ್ತೇನೆ, ವಾಟರ್‌ಪ್ರೂಫಿಂಗ್ ಆದ ಮೇಲೆ ಪೈಪಿಗೆ ಬಟ್ಟೆ ತುರುಕಿ ಎರಡು ದಿನ ಮಾಳಿಗೆ ಮೇಲೆ ನೀರು ನಿಲ್ಲಲು ಬಿಡಿ. ಕೆಳಗೆ ತೇವ ಕಾಣದಿದ್ದರೆ ಮಾತ್ರ ಮುಂದಿನ ಕೆಲಸ.

ವಾಟರ್‌ಪ್ರೂಫಿಂಗ್ ಮೇಲೆ ಬೇರು ತಡೆಯುವ ಹಾಳೆ, ನೀರು ಹರಿಯಲು ಡ್ರೈನೇಜ್ ಶೀಟ್, ಮಣ್ಣು ಸೋಸುವ ಬಟ್ಟೆ, ಆಮೇಲೆ ಕೆಂಪು ಮಣ್ಣಿಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಬೆರೆಸಿದ ಹಗುರ ಮಿಶ್ರಣ. ಮೂರು ಇಂಚು ಸಾಕು. ಪೈಪಿನ ಸುತ್ತ ಒಂದಡಿ ಬರೀ ಜಲ್ಲಿ.

ಹುಲ್ಲು ನಮ್ಮ ಬಿಸಿಲಿಗೆ ಸುಮ್ನೆ ನೀರು ಕುಡಿಯುತ್ತಲೇ ಇರುತ್ತದೆ. ಟೇಬಲ್ ರೋಸ್, ಲೋಳೆಸರ, ದೊಡ್ಡಪತ್ರೆ ಹಾಕಿ. ಮಳೆ ಶುರುವಾದ ಮೇಲೆ ನೆಡಿ, ಏಪ್ರಿಲ್‌ನಲ್ಲಿ ಬೇಡ.