ಮನೆ ಒಡೆದದ್ದು ಸೊಸೆಯಲ್ಲ, ಪಹಣಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಹೋದ ಸಲವೂ ಅದೇ. ಹಾಗಾಗಿ ಜಾಗವೆಲ್ಲ ಅದಕ್ಕೇ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ಹಿಂದೆ ಎಲ್ಲರದ್ದೂ ಕೂಡು ಕುಟುಂಬ. ಓದಿದ ಹುಡುಗಿಯರು ಸೊಸೆಯರಾಗಿ ಬಂದ ಮೇಲೆ ಮನೆಗಳು ಒಡೆದವು. ಇದಕ್ಕೆ ಸಮಾಜಶಾಸ್ತ್ರ ಏನು ಹೇಳುತ್ತದೆ?

ನಿಮ್ಮ ಮೊದಲ ವಾಕ್ಯವೇ ತಪ್ಪು ಅನ್ನುತ್ತದೆ. 1951ರ ಜನಗಣತಿ ತೆಗೆದು ನೋಡಿ. ದೇಶದ ಹಳ್ಳಿಗಳಲ್ಲಿ 100 ಮನೆ ಎಣಿಸಿದರೆ 33 ಮನೆಗಳಲ್ಲಿ ಇದ್ದದ್ದು ಮೂರು ಜನ ಅಥವಾ ಅದಕ್ಕಿಂತ ಕಡಿಮೆ. ಹತ್ತು ಜನ, ಅದಕ್ಕಿಂತ ಜಾಸ್ತಿ ಇದ್ದ ಮನೆ ಬರೀ 6. ಆಗ ಯಾವ ಸೊಸೆ ಬಿ.ಎ. ಮಾಡಿದ್ದಳು? ಯಾವ ಸೀರಿಯಲ್ ನೋಡಿ ಕೆಟ್ಟಿದ್ದಳು?

ಆಗ ನಮ್ಮವರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಹಸುಗೂಸುಗಳ ಸಾವು ಅದರಲ್ಲಿ ಸೇರಿದೆ, ನಿಜ. ಅದನ್ನು ಬಿಟ್ಟು ಲೆಕ್ಕ ಹಾಕಿದರೂ ಮೊಮ್ಮಗಳ ಮದುವೆ ನೋಡುವಷ್ಟು ದಿನ ಬದುಕುವ ಅಜ್ಜಂದಿರು ಈಗಿನಷ್ಟು ಇರಲಿಲ್ಲ. ಅಜ್ಜನೇ ಇಲ್ಲದ ಮೇಲೆ ಮೂರು ತಲೆಮಾರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು ಹೇಗೆ?

ಮತ್ತೆ ಎಲ್ಲರಿಗೂ ದೊಡ್ಡ ಮನೆಯೇ ಯಾಕೆ ನೆನಪಾಗುತ್ತದೆ? ನೆನಪಿನಲ್ಲಿ ಉಳಿಯುವುದು ಗೌಡರ ತೊಟ್ಟಿಮನೆ, ಶಾನುಭೋಗರ ಮನೆ. ಜಮೀನು ಇದ್ದವರಿಗೆ ಕೂಡಿ ಇರಲು ಕಾರಣ ಇತ್ತು. ಕೂಲಿ ಮಾಡುವ ಅಣ್ಣತಮ್ಮಂದಿರು ಏನನ್ನು ಹಿಡಿದುಕೊಂಡು ಒಟ್ಟಿಗೆ ಇರಬೇಕಿತ್ತು? ಅವರ ಗುಡಿಸಲಿನ ಫೋಟೊ ಯಾರೂ ತೆಗೆದು ಗೋಡೆಗೆ ಹಾಕಲಿಲ್ಲ.

ಹಳೇ ಮೈಸೂರು ಕಡೆ ಒಂದು ಹಳ್ಳಿಗೆ ಸರ್ವೆಗೆ ಹೋಗಿದ್ದೆ. ಮನೆಯಲ್ಲಿ ಎಷ್ಟು ಜನ ಅಂದೆ. "ಹನ್ನೊಂದು ಜನ, ಎಲ್ಲಾ ಒಟ್ಗೇ ಇದೀವಿ" ಅಂದರು ಯಜಮಾನರು. ನೀರು ಕೇಳಿಕೊಂಡು ಒಳಗೆ ಹೋದೆ. ಮೂರು ಗ್ಯಾಸ್ ಒಲೆ, ಮೂರು ಉಪ್ಪಿನ ಡಬ್ಬಿ. ರೇಷನ್ ಕಾರ್ಡೂ ಮೂರು. ದೇವರ ಮನೆ ಒಂದು, ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲಿ. ಇದು ಕೂಡು ಕುಟುಂಬವೋ ಬೇರೆಯೋ? ಎ.ಎಂ. ಶಾ ಎಂಬ ಸಮಾಜಶಾಸ್ತ್ರಜ್ಞರು ಇದಕ್ಕೇ ಹೇಳಿದ್ದು, ಮನೆ ಬೇರೆ, ಕುಟುಂಬ ಬೇರೆ, ಎರಡನ್ನೂ ಕಲಸಬೇಡಿ ಅಂತ. ಗುಜರಾತಿನ ಮಹುವಾ ಎಂಬ ಊರಿನಲ್ಲಿ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಐ.ಪಿ. ದೇಸಾಯಿ 1950ರ ದಶಕದಲ್ಲಿ ಕಂಡದ್ದೂ ಇದೇ. ಸೂರು ಬೇರೆಯಾದರೂ ಆಸ್ತಿ, ಕೊಡುಕೊಳ್ಳುವಿಕೆ, ಹಬ್ಬ, ಸಾವು ಒಟ್ಟಿಗೇ ನಡೆಯುತ್ತಿದ್ದವು.

ಇನ್ನು ಸೊಸೆಯ ಮಾತು. ನಿಮ್ಮ ಜಮೀನಿನ ಪಹಣಿ ಇದ್ದರೆ ತನ್ನಿ. ಸರ್ವೆ ನಂಬರ್ 42 ಇದ್ದದ್ದು 42/1 ಆಗಿರುತ್ತದೆ, ಆಮೇಲೆ 42/1ಎ. ಪಕ್ಕದಲ್ಲಿ ಹಿಸ್ಸಾ ಅಂತ ಬರೆದಿರುತ್ತದೆ. ಹಿಸ್ಸಾ ಅಂದರೇ ಪಾಲು. ನಂಬರಿನ ನಡುವಿನ ಆ ಗೀಟುಗಳಲ್ಲಿ ಕೆಲವು ಮಾರಾಟದಿಂದ ಬಂದಿರುತ್ತವೆ, ಒಪ್ಪುತ್ತೇನೆ. ಆದರೆ ಬಹಳಷ್ಟು ಗೀಟುಗಳ ಹಿಂದೆ ಇಬ್ಬರು ಅಣ್ಣತಮ್ಮಂದಿರು ಇರುತ್ತಾರೆ. ನಿಮ್ಮ ಮುತ್ತಜ್ಜ ಅವರ ತಮ್ಮನಿಂದ ಬೇರೆಯಾದದ್ದು ಅಲ್ಲೇ ಕಾಣುತ್ತದೆ. "ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು." ಈ ಗಾದೆಯಲ್ಲಿ ಸೊಸೆ ಎಲ್ಲಿದ್ದಾಳೆ, ತೋರಿಸಿ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದರು. 1952ರಲ್ಲೇ ಅವರು ಮೈಸೂರಿನ ಹಳ್ಳಿಯೊಂದರ ಕೂಡು ಕುಟುಂಬದ ವ್ಯಾಜ್ಯದ ಮೇಲೆ ಒಂದು ಲೇಖನ ಬರೆದಿದ್ದಾರೆ. ಜಗಳ ಹೊಸದಲ್ಲ.

ಕರಾವಳಿಗೆ ಬನ್ನಿ. ಅಲ್ಲಿನ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ಹೆಣ್ಣಿನ ಸಾಲಿನಲ್ಲಿ, ಅಂದರೆ ತಾಯಿಯ ಕಡೆಯಿಂದ, ಹೋಗುತ್ತಿತ್ತು. ಪಾಲಿನ ವಿಷಯದಲ್ಲಿ ಸೊಸೆಗೆ ಮಾತೇ ಇಲ್ಲ. ಆದರೂ ಪಾಲು ಬೇಕು ಅನ್ನುವವರು ಇದ್ದೇ ಇದ್ದರು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು, 1949ರಲ್ಲಿ ಮದ್ರಾಸ್ ಸರ್ಕಾರ ಅದಕ್ಕೆ ಕಾನೂನೇ ತಂದಿತು. ಕೊಡಗಿನಲ್ಲಿ ಇದರ ಉಲ್ಟಾ. ವಂಶಕ್ಕೆ ಸೇರಿದ ಜಮ್ಮಾ ಜಮೀನನ್ನು ಮನಸ್ಸಿಗೆ ಬಂದಂತೆ ಪಾಲು ಮಾಡಿ ಮಾರುವಂತಿರಲಿಲ್ಲ, ಅದಕ್ಕೇ ಒಕ್ಕ, ಅಂದರೆ ಅಲ್ಲಿನ ಕೂಡು ಕುಟುಂಬ, ಅಷ್ಟು ಕಾಲ ಗಟ್ಟಿಯಾಗಿ ನಿಂತಿತು. ಅಲ್ಲಿನ ಸೊಸೆಯರೇನು ಬೇರೆ ಮಣ್ಣಿನವರಾ?

ಹಾಗಾದರೆ ಬೈಗುಳ ಅವಳಿಗೇ ಯಾಕೆ? ಅದರಿಂದ ಅನುಕೂಲ ಇದೆ, ಅದಕ್ಕೆ. ಅಣ್ಣನೇ ಮೋಸ ಮಾಡಿದ ಅಂತ ತಮ್ಮ ಒಮ್ಮೆ ಬಾಯಿಬಿಟ್ಟು ಹೇಳಿದರೆ ಮುಗಿಯಿತು. ನಾಳೆ ಮಗಳ ಧಾರೆಗೆ ಅವನನ್ನು ಕರೆಯಬೇಕು, ಮನೆದೇವರಿಗೆ ಒಟ್ಟಿಗೆ ಹೋಗಬೇಕು. "ಅವಳು ಬಂದ್ಮೇಲೆ ಅಣ್ಣ ಹಿಂಗಾದ" ಅಂದರೆ ಅಣ್ಣತಮ್ಮಂದಿರ ಮುಖ ಉಳಿಯುತ್ತದೆ. ಅವಳು ಹೊರಗಿನಿಂದ ಬಂದವಳು, ಎದುರು ಮಾತಾಡುವವರು ಯಾರೂ ಇಲ್ಲ. ನಮ್ಮ ಮನೆಯಲ್ಲೂ ಹೀಗೇ ಆಯಿತು. ಚಿಕ್ಕಮ್ಮ ಸಾಯುವ ತನಕ ಆ ಹೆಸರು ಹೊತ್ತುಕೊಂಡೇ ಇದ್ದರು. ಪಾಲುಪತ್ರಕ್ಕೆ ಸಹಿ ಹಾಕಿದ್ದು ಮಾತ್ರ ನಾಲ್ಕು ಜನ ಗಂಡಸರು.

ಪ್ರಶ್ನೆ: ಅಡುಗೆ ಮನೆಯ ದಿಕ್ಕು ಬದಲಾಯಿಸಿದರೆ ಅಣ್ಣತಮ್ಮಂದಿರು ಒಂದಾಗುತ್ತಾರೆ ಎಂದು ವಾಸ್ತು ಹೇಳುವವರು 40,000 ಕೇಳಿದ್ದಾರೆ. ಕೊಡಬಹುದಾ?

ಒಂದಾಗುವುದು ಅವರ ಜೇಬು ಮತ್ತು ನಿಮ್ಮ ದುಡ್ಡು. "ಸೊಸೆಯ ಫೋನ್ ಕಿತ್ತುಕೊಳ್ಳಿ" ಅನ್ನುವ ಯೂಟ್ಯೂಬ್ ಕೌನ್ಸೆಲರ್‌ಗೂ ಇದೇ ಉತ್ತರ.

ಪ್ರಶ್ನೆ: ಗೃಹಲಕ್ಷ್ಮಿಯ 2,000 ಅತ್ತೆಗೋ ಸೊಸೆಗೋ?

ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರೋ ಅವರಿಗೆ. ಜಗಳವನ್ನು ನನ್ನ ಹತ್ತಿರ ತರಬೇಡಿ.

ಪ್ರಶ್ನೆ: ಇದೆಲ್ಲ ಕಾಮನ್ ಸೆನ್ಸ್ ಅಲ್ವಾ, ಇದಕ್ಕೆ ಎಂ.ಎ. ಯಾಕೆ?

ಮೊದಲ ಪ್ರಶ್ನೆ ಕಳಿಸಿದವರೂ ಹಾಗೇ ಅಂದುಕೊಂಡಿದ್ದರು.

ಪ್ರಶ್ನೆ: ನಾವು ಮೂವರು ಅಣ್ಣತಮ್ಮಂದಿರು. ಅಪ್ಪನಿಗೆ 78. ಈಗ ಪಾಲು ಮಾಡಿಕೊಳ್ಳುವುದಾ, ಆಮೇಲಾ?

ನಾನು ವಕೀಲೆ ಅಲ್ಲ. ಆದರೂ ಅಪ್ಪ ಇರುವಾಗಲೇ ಕೂತು ಮಾತಾಡಿ, ಬರೆಸಿ, ರಿಜಿಸ್ಟರ್ ಮಾಡಿಸಿ. ಬಾಯಿಮಾತಿನ ಪಾಲು ನಂಬಬೇಡಿ. ಅಕ್ಕತಂಗಿಯರ ಹೆಸರು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. 2005ರ ಹಿಂದೂ ಉತ್ತರಾಧಿಕಾರ ಕಾನೂನಿನ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೂ ಸಮಪಾಲು ಇದೆ, ಮೊದಲು ಅವರನ್ನು ಕರೆಯಿರಿ.