ಬೀದರ್‌ನಲ್ಲಿ ಮದುವೆ ಮೆರವಣಿಗೆಗೆ ಕುದುರೆ ಇಟ್ಟಿದ್ದೇನೆ. ವಿಮೆ ಮಾಡಿಸಬಹುದಾ?

ಮಾಡಿಸಬಹುದು. ಜಾನುವಾರು ವಿಮೆ ಅಂದ್ರೆ ಬರೀ ಹಸು, ಎಮ್ಮೆಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ರಾಷ್ಟ್ರೀಯ ಜಾನುವಾರು ಮಿಷನ್‌ನ ವಿಮೆಯಲ್ಲಿ ಕುದುರೆ, ಕತ್ತೆಗೂ ಜಾಗ ಇದೆ. 2024ರ ಬದಲಾವಣೆ ಪ್ರಕಾರ ಪ್ರೀಮಿಯಂನಲ್ಲಿ ಮಾಲೀಕರ ಪಾಲು ಶೇ. 15. ಉಳಿದದ್ದು ಕೇಂದ್ರ, ರಾಜ್ಯ ಸರ್ಕಾರಗಳದ್ದು. ಮೊದಲು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ವೈದ್ಯರು ಕುದುರೆ ನೋಡಿ ಆರೋಗ್ಯ, ಬೆಲೆ ಎರಡನ್ನೂ ಬರೆದು ಕೊಡಬೇಕು. ಗುರುತು ಬಹಳ ಮುಖ್ಯ. ಬಣ್ಣ, ಹಣೆಯ ಬಿಳಿ ಚುಕ್ಕೆ, ಸುಳಿ ಎಲ್ಲವೂ ಕಾಣುವಂತೆ ಫೋಟೋ ತೆಗೆದಿಡಿ. ಸತ್ತರೆ ತಕ್ಷಣ ಕಂಪನಿಗೆ ತಿಳಿಸಿ. ಮರಣೋತ್ತರ ಪರೀಕ್ಷೆ ಆಗದೆ ಹೂಳಿದರೆ ಕ್ಲೇಮ್ ಸಿಗೋದು ಕಷ್ಟ.

ಇಲ್ಲೊಂದು ಕೊಕ್ಕೆ ಇದೆ. ಪಟಾಕಿ ಸದ್ದಿಗೆ ಬೆದರಿ ನಿಮ್ಮ ಕುದುರೆ ಯಾರಿಗೋ ಒದ್ದರೆ ಈ ಪಾಲಿಸಿ ದುಡ್ಡು ಕೊಡಲ್ಲ. ಇದು ಕುದುರೆಯ ಜೀವಕ್ಕೆ ಮಾತ್ರ. ಬೇರೆಯವರಿಗೆ ಆಗುವ ಹಾನಿಗೆ ಹೊಣೆಗಾರಿಕೆ ವಿಮೆ ಬೇರೆಯೇ ಬೇಕು. ಮೆರವಣಿಗೆ ಕುದುರೆಗೆ ನನ್ನ ಪ್ರಕಾರ ಇದೇ ದೊಡ್ಡ ಅಪಾಯ. ಡಿಜೆ ಪೆಟ್ಟಿಗೆಯಿಂದ ದೂರ ಇಡಿ, ಲಗಾಮು ಹಿಡಿಯಲು ಪಳಗಿದ ಆಳು ಇರಲಿ.

ಇನ್ನೊಂದು: ಮದುವೆ ಮನೆಯ ಉಳಿದ ಅನ್ನ ಸುರಿಯಬೇಡಿ. ಕುದುರೆಗೆ ವಾಂತಿ ಮಾಡಲು ಆಗಲ್ಲ. ಹೊಟ್ಟೆಶೂಲೆ ಬಂದರೆ ಜೀವಕ್ಕೇ ಕುತ್ತು. ಪದೇ ಪದೇ ಹೊಟ್ಟೆ ಕಡೆ ತಿರುಗಿ ನೋಡುತ್ತಾ ನೆಲ ಕೆರೆದರೆ ಬೆಳಗಾಗಲಿ ಅಂತ ಕಾಯಬೇಡಿ, ಡಾಕ್ಟರನ್ನು ಕರೆಸಿ. ನಿಮ್ಮೂರಲ್ಲೇ ಪಶುವೈದ್ಯ ವಿಶ್ವವಿದ್ಯಾಲಯ ಇದೆಯಲ್ವಾ!