ಮಗನಿಗೆ ಈ ಸಲ ತೆನೆ ಕಳಿಸುದಾ ಬೇಡ್ವಾ?

ಪ್ರಶ್ನೆ: ಮೇಡಂ, ನಾನು ದಕ್ಷಿಣ ಕನ್ನಡದ ಕೆಥೊಲಿಕ್ ಮನೆಯವಳು, ಟೀಚರಾಗಿ ರಿಟೈರ್ ಆಗಿದ್ದೇನೆ. ಮಗನಿಗೆ 27, ಬೆಂಗಳೂರಲ್ಲಿ ಕೆಲಸ. ಕ್ರಿಸ್ಮಸ್‌ಗೆ ಬಂದಾಗ ಅಡುಗೆಮನೆಯಲ್ಲಿ ನನ್ನ ಹತ್ರ ಮಾತ್ರ ಹೇಳಿದ, ಅಮ್ಮಾ ನನಗೆ ಹುಡುಗಿಯರ ಮೇಲೆ ಮನಸ್ಸು ಬರುದಿಲ್ಲ, ಹುಡುಗರ ಮೇಲೆಯೇ ಅಂತ. ಅವನ ಪಪ್ಪನಿಗೆ ಗೊತ್ತಿಲ್ಲ. ಮೇ ತಿಂಗಳಲ್ಲಿ ರಜೆಗೆ ಬಂದವ ನಮ್ಮೊಟ್ಟಿಗೆ ಆದಿತ್ಯವಾರದ ಪೂಜೆಗೆ ಬಂದ, ಅವತ್ತೇ ಫಾದರ್ ಶೆರ್ಮಾಂವಲ್ಲಿ, ಅಂದ್ರೆ ಪೂಜೆಯ ಪ್ರವಚನದಲ್ಲಿ, ಸಲಿಂಗಿಗಳ ವಿಷಯ ಎತ್ತಿದ್ರು, ಇದು ಫಾರಿನ್ನಿಂದ ಬಂದ ರೋಗ, ಬೈಬಲಿನ ಸೊದೋಮ್ ಊರು ಸುಟ್ಟುಹೋದದ್ದು ಇದಕ್ಕೇ ಅಂತ. ಮಗ ಕೈಯಲ್ಲಿದ್ದ ಹಾಡಿನ ಚೀಟಿಯನ್ನು ಮಡಚಿದ, ಮತ್ತೆ ಮಡಚಿದ, ಉಗುರಿನಷ್ಟು ಸಣ್ಣ ಆಗುವವರೆಗೆ ಮಡಚ್ತಾನೇ ಇದ್ದ, ನನಗೆ ನೋಡ್ಲಿಕ್ಕೆ ಆಗ್ಲಿಲ್ಲ. ಪರಮಪ್ರಸಾದಕ್ಕೆ ನಾವೆಲ್ಲ ಎದ್ದಾಗ ಅವ ಬೆಂಚಲ್ಲೇ ಕೂತ. ಆ ಮೇಲೆ ಊರಿಗೆ ಬರ್ಲಿಲ್ಲ, ಮೊಂತಿ ಫೆಸ್ತಿಗೂ, ಅಂದ್ರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ ಹೊಸ ಭತ್ತದ ತೆನೆ ಮನೆಗೆ ತಂದು ಎಲ್ಲರೂ ಒಟ್ಟಿಗೆ ಉಣ್ಣುವ ಹಬ್ಬಕ್ಕೂ, ಬರುದಿಲ್ಲ ಅಂತಾನೆ. ಅವನ ಪಾಲಿನ ತೆನೆ ಕಳಿಸುದಾ ಬೇಡ್ವಾ ಅಂತ ಗೊತ್ತಾಗುದಿಲ್ಲ. ಪ್ರಾರ್ಥನಾ ಕೂಟದ ಒಬ್ರ ಹತ್ರ, ಯಾರದ್ದೋ ಮಗನ ಕತೆ ಅಂತ ಹೇಳಿ ಕೇಳಿದೆ. ಒಂದು ವಾರ ಧ್ಯಾನಕ್ಕೆ, ಅಂದ್ರೆ ಪ್ರಾರ್ಥನಾ ಶಿಬಿರಕ್ಕೆ, ಕಳಿಸಿದ್ರೆ ಬಿಟ್ಟುಹೋಗ್ತದೆ ಅಂದ್ರು. ಕಳಿಸುದಾ? ಬೈಬಲಲ್ಲೇ ತಪ್ಪು ಅಂತ ಉಂಟಲ್ಲ, ನಾನು ದೇವರ ಬದಿ ನಿಲ್ಲುದಾ, ಮಗನ ಬದಿಯಾ?

ಉತ್ತರ: ಅಕ್ಕಾ, ನಿಮ್ಮ ಪತ್ರ ಮೂರು ಸಲ ಓದಿದೆ. ಫಾದರ್ ಹೇಳಿದ್ದನ್ನ ಒಂದು ಸಾಲಲ್ಲಿ ಮುಗಿಸಿದ್ದೀರಿ, ಆ ಚೀಟಿ ಎಷ್ಟು ಸಣ್ಣ ಆಯ್ತು ಅಂತ ಮಾತ್ರ ಬಿಡಿಸಿ ಬರೆದಿದ್ದೀರಿ. ಅವತ್ತು ಅಲ್ಲಿ ಯಾರಿಗೆ ಪೆಟ್ಟು ಬಿತ್ತು ಅಂತ ನಿಮಗೆ ಗೊತ್ತು.

ಮೊದ್ಲು ಅರ್ಜೆಂಟ್ ವಿಷಯ. ಧ್ಯಾನಕ್ಕೆ ಕಳಿಸಬೇಡಿ, ಅವನಾಗೇ ಪ್ರಾರ್ಥನೆ ಮಾಡೋಕೆ ಹೋದ್ರೆ ಅದು ಬೇರೆ, 'ಸರಿ ಮಾಡಿಸೋಕೆ' ಅಂತ ಮಾತ್ರ ಯಾರ ಕೈಗೂ ಒಪ್ಪಿಸಬೇಡಿ. ಇದು ರೋಗ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನ ರೋಗಗಳ ಪಟ್ಟಿಯಿಂದ ತೆಗೆದು ಹಾಕಿದೆ. ನಮ್ಮಲ್ಲೂ 2021ರಲ್ಲಿ ಮದ್ರಾಸ್ ಹೈಕೋರ್ಟ್ ಇಂಥ 'ಬದಲಾಯಿಸೋ ಚಿಕಿತ್ಸೆ' ನಿಲ್ಲಿಸಿ ಅಂತ ಗಟ್ಟಿಯಾಗಿ ಹೇಳಿದ ಮೇಲೆ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನ ಡಾಕ್ಟರ್ ಮಾಡಿದ್ರೆ ವೃತ್ತಿಗೆ ದ್ರೋಹ ಅಂತ ತೀರ್ಮಾನ ಮಾಡ್ತು. ಡಾಕ್ಟರೇ ಮಾಡಬಾರದ್ದನ್ನ ಪ್ರಾರ್ಥನಾ ಕೂಟದವರು ಮಾಡ್ತೀವಿ ಅಂದ್ರೆ ಹೇಗೆ ಒಪ್ಪೋದು. ಅಂಥ ಕಡೆಯಿಂದ ಮಕ್ಕಳು ವಾಪಸ್ ಬರೋದು ಬದಲಾಗಿ ಅಲ್ಲ, ಹೆದರಿಕೊಂಡು, ಆಮೇಲೆ ಮನೆಯವರ ಹತ್ರಾನೂ ಬಾಯಿ ಬಿಡಲ್ಲ.

'ಫಾರಿನ್ ರೋಗ' ಅಂದ್ರಲ್ಲ, ಫಾರಿನ್ನಿಂದ ಬಂದಿದ್ದು ಶಿಕ್ಷೆ. ಇಂಗ್ಲೆಂಡಲ್ಲಿ ಎಂಟನೇ ಹೆನ್ರಿ ಕಾಲಕ್ಕೆ, 1533ರಲ್ಲಿ ಶುರುವಾದ ಕಾನೂನಿನ ಜಾಡು ಹಿಡಿದು ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ 377ನೇ ಸೆಕ್ಷನ್ ಇಟ್ಟರು. 2018ರ ಸೆಪ್ಟೆಂಬರ್ 6ಕ್ಕೆ, ಅಂದ್ರೆ ಆ ವರ್ಷದ ಮೊಂತಿ ಫೆಸ್ತಿಗೆ ಎರಡು ದಿನ ಇರುವಾಗ, ಸುಪ್ರೀಂ ಕೋರ್ಟಿನ ಐದೂ ಜಡ್ಜ್‌ಗಳು ಒಂದೇ ದನಿಯಲ್ಲಿ ವಯಸ್ಕರು ಒಪ್ಪಿ ಕೂಡಿದ್ರೆ ಅಪರಾಧ ಅಲ್ಲ ಅಂದ್ರು. ಆ ಕೇಸಲ್ಲಿ ಕೆಲವು ಕ್ರೈಸ್ತ ಸಂಘಟನೆಗಳು ಕಾನೂನು ಉಳಿಸಿ ಅಂತ ವಾದ ಮಾಡಿದ್ವು, ನನಗೆ ಇವತ್ತಿಗೂ ಅದು ಜೀರ್ಣ ಆಗಿಲ್ಲ, ಪಾಪ ಅಂತ ನಂಬೋದು ಬೇರೆ, ಜೈಲಿಗೆ ಹಾಕಿ ಅನ್ನೋದು ಬೇರೆ. ಆದ್ರೆ ಮುಂಬೈನ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ 2013ರಲ್ಲೇ, ಕೋರ್ಟು ಅದೇ ಕಾನೂನನ್ನ ಎತ್ತಿ ಹಿಡಿದಾಗ, ಚರ್ಚು ಇವರನ್ನ ಅಪರಾಧಿಗಳು ಅಂತ ಎಣಿಸಿಲ್ಲ ಅಂತ ಬಹಿರಂಗವಾಗಿ ಹೇಳಿದ್ರು.

ಬೈಬಲ್ ವಿಷಯ. ಯಾಜಕಕಾಂಡದಲ್ಲಿ ನಿಷೇಧ ಇದೆ, ಪೌಲನ ಪತ್ರಗಳಲ್ಲಿ ಖಂಡನೆ ಇದೆ, ಇಲ್ಲ ಅಂತ ನಿಮಗೆ ಸುಳ್ಳು ಹೇಳಲ್ಲ. ಆದ್ರೆ ಅದೇ ಯಾಜಕಕಾಂಡದ 11ನೇ ಅಧ್ಯಾಯ ಹಂದಿಮಾಂಸ ಮುಟ್ಟಬೇಡಿ ಅನ್ನುತ್ತೆ, 19ನೇ ಅಧ್ಯಾಯ ಎರಡು ಥರದ ನೂಲಿನ ಬಟ್ಟೆ ಹಾಕಬೇಡಿ ಅನ್ನುತ್ತೆ, ನಿಮ್ಮ ಕಡೆ ಮದುವೆ ಊಟದಲ್ಲಿ ಹಂದಿಮಾಂಸ ಬಡಿಸಿದಾಗ ಅದು ಹಳೇ ಕಾಲದ ನಿಯಮ ಅಂತ ಎಲ್ಲರೂ ಒಪ್ಪಿಕೊಂಡೇ ಊಟ ಮಾಡ್ತಾರೆ. ಇನ್ನು ಸೊದೋಮ್. ಅಲ್ಲಿ ಆಗಿದ್ದು ಮನೆಗೆ ಬಂದ ಅತಿಥಿಗಳ ಮೇಲೆ ಊರಿಗೂರೇ ಬಲಾತ್ಕಾರಕ್ಕೆ ಬಂದ ಕತೆ, ಅದಕ್ಕೂ ನಿಮ್ಮ ಮಗನಿಗೂ ಏನು ಸಂಬಂಧ? ಯೆಹೆಜ್ಕೇಲನ ಪುಸ್ತಕದ 16ನೇ ಅಧ್ಯಾಯ 49ನೇ ವಚನ ತೆಗೆದು ನೋಡಿ, ಸೊದೋಮಿನ ತಪ್ಪು ಏನು ಅಂತ ಅಲ್ಲೇ ಬರೆದಿದೆ, ಸೊಕ್ಕು, ಹೊಟ್ಟೆ ತುಂಬಿದ ಸುಖ, ಬಡವರ ಕೈ ಹಿಡಿಯದೇ ಇದ್ದಿದ್ದು. ನಾಲ್ಕು ಸುವಾರ್ತೆಗಳಲ್ಲಿ ಯೇಸು ಸಲಿಂಗಿಗಳ ಬಗ್ಗೆ ಒಂದು ಮಾತೂ ಆಡಿಲ್ಲ.

ನಿಮ್ಮ ಚರ್ಚಿನ ಧರ್ಮಬೋಧೆಯ ಪುಸ್ತಕ, 1992ರದ್ದು, ಅದರಲ್ಲಿ 2357ನೇ ಪ್ಯಾರಾ ಸಲಿಂಗ ಸಂಬಂಧ ತಪ್ಪು ಅನ್ನುತ್ತೆ. ಅದರ ಪಕ್ಕದ್ದೇ 2358, ಇವರನ್ನ ಗೌರವದಿಂದ, ಕನಿಕರದಿಂದ ಸ್ವೀಕರಿಸಬೇಕು, ಅನ್ಯಾಯದ ಭೇದಭಾವ ಯಾವ ರೀತೀಲೂ ಮಾಡಬಾರದು ಅನ್ನುತ್ತೆ. ನಿಮ್ಮ ಫಾದರ್ ಮೊದಲನೇದನ್ನ ಮೈಕಲ್ಲಿ ಹೇಳಿ ಎರಡನೇದನ್ನ ನುಂಗಿದ್ದಾರೆ, ನನ್ನ ಸಿಟ್ಟು ಇರೋದು ಅದಕ್ಕೆ. ಪೋಪ್ ಫ್ರಾನ್ಸಿಸ್ 2023ರ ಜನವರಿಯಲ್ಲಿ ಸಲಿಂಗಿ ಆಗಿರೋದು ಅಪರಾಧ ಅಲ್ಲ ಅಂದಿದ್ರು, ಅದೇ ಡಿಸೆಂಬರ್ 18ಕ್ಕೆ ಇಂಥ ಜೋಡಿಗಳು ಬಂದು ಕೇಳಿದ್ರೆ ಮದುವೆಯ ವಿಧಿ ಥರ ಕಾಣದ ಹಾಗೆ ಪಾದ್ರಿ ಚಿಕ್ಕದಾಗಿ ಆಶೀರ್ವಾದ ಕೊಡಬಹುದು ಅಂತ ವ್ಯಾಟಿಕನ್ ಅನುಮತಿ ಕೊಡ್ತು. ಮದುವೆ ಅಂತ ಇವತ್ತಿಗೂ ಒಪ್ಪಿಲ್ಲ, ನನಗೆ ಅದೂ ಸಾಲಲ್ಲ, ಆದ್ರೆ 'ಸುಟ್ಟುಹೋಗ್ತೀರಿ' ಅನ್ನೋ ಮಾತು ಅದರಲ್ಲಿ ಎಲ್ಲೂ ಇಲ್ಲ.

ಹಾಗಾಗಿ ದೇವರ ಬದಿಯಾ ಮಗನ ಬದಿಯಾ ಅನ್ನೋ ಪ್ರಶ್ನೆನೇ ಬೇಡ ಅಕ್ಕಾ, ಆ ಎರಡು ಬದಿ ಮಾಡಿದ್ದು ಶೆರ್ಮಾಂವ್, ನೀವಲ್ಲ. ಧೈರ್ಯ ಇದ್ರೆ ಒಬ್ಬರೇ ಹೋಗಿ ಫಾದರ್ ಹತ್ರ ಮಾತಾಡಿ, ಮಗನ ಹೆಸರು ಎತ್ತಬೇಡಿ, 'ನೀವು ಹೇಳುವಾಗ ಬೆಂಚಲ್ಲಿ ಅಂಥ ಮಕ್ಕಳೂ ಅವರ ತಾಯಂದಿರೂ ಕೂತಿರ್ತಾರೆ ಫಾದರ್, 2358 ಕೂಡ ಓದಿ' ಅಂತ ಹೇಳಿದ್ರೆ ಸಾಕು. ಅವನ ಪಪ್ಪನಿಗೆ ಹೇಳೋದು ಬಿಡೋದು ಮಗನ ತೀರ್ಮಾನ, ಅವನನ್ನ ಕೇಳದೆ ಹೇಳಬೇಡಿ. ನಿಮಗೇ ನಿದ್ದೆ ಬರ್ತಿಲ್ಲ, ಎದೆ ಭಾರ ಅನಿಸಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಕೊನೇಲಿ ತೆನೆ ಬಗ್ಗೆ ಕೇಳಿದ್ರಲ್ಲ. ನಿಮ್ಮಲ್ಲಿ ಗಲ್ಫಲ್ಲಿ ಇರೋ ಮಕ್ಕಳಿಗೂ ಹೊಸ ಕಾಳನ್ನ ಕವರಲ್ಲಿ ಹಾಕಿ ಕಳಿಸ್ತಿದ್ರು ಅಂತ ಕೇಳಿದ್ದೀನಿ, ಮನೆಯವರೆಲ್ಲ ಒಂದೇ ತೆನೆ ಉಣ್ಣಬೇಕು ಅಂತ. ಬೆಂಗಳೂರು ರಾತ್ರಿ ಬಸ್ಸಿನ ದೂರ. ಸೆಪ್ಟೆಂಬರ್ 8ಕ್ಕೆ ಇಗರ್ಜಿಯಲ್ಲಿ ಕೊಟ್ಟ ತೆನೆಯಲ್ಲಿ ಅವನ ಪಾಲು ತೆಗೆದಿಡಿ, ಕೊರಿಯರ್ ಬೇಡ, ನೀವೇ ತಗೊಂಡು ಹೋಗಿ, ಅವನ ರೂಮಲ್ಲೇ ಹಾಲಿಗೆ ಹಾಕಿ ಇಬ್ಬರೂ ಕೂತು ಉಣ್ಣಿ. ಆ ಶೆರ್ಮಾಂವ್ ದಿನ ಚೀಟಿ ಮಡಚಿದ್ದನ್ನ ನಾನು ನೋಡಿದ್ದೆ ಅಂತ ಅವನಿಗೆ ಹೇಳಿ.